ದುಬಾರಿ ಸುಗಂಧದೊಂದಿಗೆ ಒಂದು ಮಳೆಗಾಲ

ಕಾಸರಗೋಡಿನವರಿಗೆ ಸೆಂಟು ಹೊಸ ವಸ್ತುವಲ್ಲ. ಕೊಲ್ಲಿ ನಾಡುಗಳಲ್ಲಿ ದುಡಿಯುವವರು ರಜೆಗೆ ಬಂದು ಪೆಟ್ಟಿಗೆ ಬಿಚ್ಚಿದರೆಂದರೆ ಟ್ಯಾಂಗ್ ಪುಡಿ, ಟೈಗರ್ ಬಾಮ್, ಹಾಲಿನ ಪುಡಿಯ ಡಬ್ಬಗಳ ನಡುವೆ ನಾಲ್ಕಾರು ಸೆಂಟಿನ ಬಾಟಲಿಗಳು ಇರಲೇಬೇಕಿತ್ತು. ಅವು ನೆಂಟರಿಗೆ, ನೆರೆಕರೆಗೆ, ಕೆಲವೊಮ್ಮೆ ಮಕ್ಕಳ ಶಾಲೆಯ ಮಾಸ್ತರರಿಗೂ ಹಂಚಿಹೋಗುತ್ತಿದ್ದವು. ಪೇಟೆಯಲ್ಲಿ ಅತ್ತರಿನ ಅಂಗಡಿಗಳಿಗೂ ಕೊರತೆಯಿಲ್ಲ. ಹಾಗಾಗಿ ಐವತ್ತು ದಾಟಿದ ವಯಸ್ಸಿನಲ್ಲಿ ನಾನು ಸುಗಂಧ ಹಚ್ಚಿಕೊಳ್ಳತೊಡಗಿದಾಗ ಯಾರೂ ಹುಬ್ಬೇರಿಸಲಿಲ್ಲ. ಹುಬ್ಬು ಏರಿದ್ದು ಬೆಲೆ ಕೇಳಿದ ಮೇಲೆ. 100 ಮಿಲಿಲೀಟರಿನ ಒಂದು ಬಾಟಲಿಗೆ 30,000 ರೂಪಾಯಿಯ ಆಸುಪಾಸು. ನಮ್ಮ ಕಡೆಯ ಲೆಕ್ಕದಲ್ಲಿ ಅರ್ಧ ಕ್ವಿಂಟಾಲಿಗೂ ಮಿಕ್ಕಿದ ಚಾಲಿ ಅಡಿಕೆ. ಅಷ್ಟು ಹಣಕ್ಕೆ ಕೈಗೆ ಬಂದದ್ದೇನು ಎಂಬುದನ್ನು, ಬೇಸಗೆಯ ಬೆವರಿನಲ್ಲೂ ಮಳೆಗಾಲದ ತೇವದಲ್ಲೂ ಅದನ್ನು ಹಚ್ಚಿಕೊಂಡು ಓಡಾಡಿದವನಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಸ್ತಾವೇಜು ಬರೆದು ಜೀವನ ಮಾಡುವವನು. ನನ್ನ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಮರದ ಎರಡು ಬೆಂಚುಗಳಿವೆ. ಪಾಲುಪಟ್ಟಿಗೆಂದು ಒಂದು ಕುಟುಂಬ ಬಂದರೆ ಏಳೆಂಟು ಮಂದಿ ಒತ್ತಿಕೊಂಡೇ ಕೂರಬೇಕು. ಅಲ್ಲಿ ಯಾರ ವಾಸನೆಯೂ ಮರೆಯಾಗುವುದಿಲ್ಲ. ತೋಟದಿಂದ ನೇರ ಬಂದವರ ಮೈಯ ಮೈಲುತುತ್ತು, ರಬ್ಬರ್ ಶೀಟಿನ ಹೊಗೆ, ಬೀಡಿ, ಹೊಸ ಮುಂಡಿನ ಗಂಜಿ, ಹೆಂಗಸರ ಮುಡಿಯ ಮಲ್ಲಿಗೆ, ಗಲ್ಫಿನವರ ಅತ್ತರು ಎಲ್ಲವೂ ಒಂದೇ ಫ್ಯಾನಿನಡಿಯಲ್ಲಿ ಸುತ್ತುತ್ತಿರುತ್ತವೆ. ಮಸ್ಕತ್ತಿನಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದ್ದ ಹಿರಿಯರೊಬ್ಬರು ಆಸ್ತಿ ಭಾಗದ ಕರಡು ನೋಡಲು ಬಂದಾಗ, ಈ ಎಲ್ಲದರ ನಡುವೆಯೂ ಪ್ರತ್ಯೇಕವಾಗಿ ನಿಂತ ಒಂದು ಪರಿಮಳ ನನ್ನ ಗಮನ ಸೆಳೆಯಿತು. ಅವರು ಎದ್ದುಹೋದ ಮೇಲೂ ಅವರ ಕೈಯಾಡಿದ ಕರಡಿನ ಅಂಚಿನಲ್ಲಿ ಅದು ಉಳಿದಿತ್ತು. ಸಂಜೆ ಮೂಸಿದರೆ ಬೆಳಗ್ಗಿನ ಪರಿಮಳವಿಲ್ಲ, ಮರುದಿನ ಮೂಸಿದರೆ ಸಂಜೆಯದ್ದೂ ಇಲ್ಲ; ಅದೇ ಕಾಗದದ ಮೇಲೆ ಅದೇ ವಸ್ತು ಮೂರು ಬಗೆಯಾಗಿ ನಡೆದುಕೊಂಡಿತ್ತು. ನೋಂದಣಿಯ ದಿನ ಹೆಸರು ಕೇಳಿದೆ. ಅವರು ಚೀಟಿಯೊಂದರ ಹಿಂಬದಿಯಲ್ಲಿ ಬರೆದುಕೊಟ್ಟರು: ಅಮುವಾಜ್, ಗೋಲ್ಡ್.

ಅಮುವಾಜ್ ಒಮಾನಿನ ಸಂಸ್ಥೆ. ಸುಲ್ತಾನ್ ಖಾಬೂಸರ ಅಪೇಕ್ಷೆಯಂತೆ 1983ರಲ್ಲಿ ಒಮಾನಿನ ರಾಜಮನೆತನದವರೊಬ್ಬರು ಅದನ್ನು ಹುಟ್ಟುಹಾಕಿದರು. ಅರಬರ ಸುಗಂಧ ಪರಂಪರೆಯನ್ನು ಫ್ರೆಂಚರ ಕಸುಬುಗಾರಿಕೆಯೊಡನೆ ಬೆಸೆದು ಲೋಕಕ್ಕೆ ತೋರಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಗೋಲ್ಡ್ ಆ ಸಂಸ್ಥೆಯ ಮೊದಲ ಸುಗಂಧ. ಅದನ್ನು ರಚಿಸಲು ಒಪ್ಪಿಕೊಂಡವರು ಗೀ ರೋಬೇರ್ ಎಂಬ ಫ್ರೆಂಚ್ ಸುಗಂಧಕಾರರು. 1960ರ ಮದಾಂ ರೋಶಾ, 1961ರಲ್ಲಿ ಎರ್ಮೆಸ್ ಸಂಸ್ಥೆಗೆ ಮಾಡಿಕೊಟ್ಟ ಕಲೇಶ್ ಇವುಗಳಿಂದ ಅವರು ಅದಾಗಲೇ ಹೆಸರಾಗಿದ್ದರು. ಗಂಡಸರ ಬಾಟಲಿಯ ಮುಚ್ಚಳ ಒಮಾನಿಗಳು ಸೊಂಟಕ್ಕೆ ಸಿಕ್ಕಿಸುವ ಖಂಜರಿನ ಹಿಡಿಯ ಆಕಾರದಲ್ಲಿದೆ, ಹೆಂಗಸರದ್ದು ಮಸ್ಕತ್ತಿನ ರುವಿ ಮಸೀದಿಯ ಗುಮ್ಮಟದ ಆಕಾರದಲ್ಲಿ. ಎರಡೂ ಕಣ್ಣು ಕೋರೈಸುವ ಚಿನ್ನದ ಬಣ್ಣದವು. ನನ್ನ ರುಚಿಗೆ ಆ ಬಾಟಲಿ ಸ್ವಲ್ಪ ಅತಿಯಾಯಿತು. ಒಳಗಿರುವ ವಸ್ತುವಿನ ಸಂಯಮ ಹೊರಗಿನ ಗಾಜಿಗೆ ಬರಲಿಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ.

ನೇರವಾಗಿ ಬಾಟಲಿ ಕೊಳ್ಳಲು ಹೋಗಲಿಲ್ಲ. ಮಸ್ಕತ್ತಿನಲ್ಲಿರುವ ಅಕ್ಕನ ಮಗನಿಗೆ ಹೇಳಿದಾಗ ಅವನು ಮಾದರಿಗೆಂದು ಕೊಡುವ ಬೆರಳಿನಷ್ಟು ಸಣ್ಣ ಗಾಜಿನ ನಳಿಗೆಯೊಂದನ್ನು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ. ಮೊದಲು ಅದನ್ನು ದಪ್ಪ ಕಾಗದದ ಪಟ್ಟಿಗಳ ಮೇಲೆ ಹಾಕಿ ನೋಡಿದೆ, ಅನಂತರ ಮಣಿಕಟ್ಟಿನ ಮೇಲೆ. ಎರಡೂ ಬೇರೆ ಬೇರೆ ಸಂಗತಿಗಳು. ಕಾಗದ ತಣ್ಣಗಿರುತ್ತದೆ, ಅದಕ್ಕೆ ಬೆವರಿಲ್ಲ, ಎಣ್ಣೆಯಿಲ್ಲ. ಸುಗಂಧಕಾರ ಬರೆದಿಟ್ಟದ್ದನ್ನು ಅದು ನಿಧಾನವಾಗಿ, ಹೆಚ್ಚುಕಡಿಮೆ ಮಾಡದೆ ಓದಿ ಹೇಳುತ್ತದೆ. ಚರ್ಮ ತನ್ನದೇ ಬಿಸಿಯಿಂದ ಎಲ್ಲವನ್ನೂ ಅವಸರದಲ್ಲಿ ಹೊರಡಿಸುತ್ತದೆ. ನೋಡಿದವರೆಲ್ಲ ಹಚ್ಚಿಕೊಂಡ ಕೂಡಲೇ ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುತ್ತಾರೆ, ಅದು ಬೇಡ. ಉಜ್ಜಿದ ಬಿಸಿಗೆ ಮೊದಲ ಹಗುರ ಪರಿಮಳ ಬೇಗ ಹಾರಿಹೋಗುತ್ತದೆ, ಆ ಮೊದಲ ಕಾಲು ಗಂಟೆಗೂ ಹಣ ಕೊಟ್ಟಿರುತ್ತೇವಲ್ಲ.

ಸಿಂಪಡಿಸಿದ ಕೂಡಲೇ ಮೂಗಿಗೆ ಬಡಿಯುವುದು ಮದ್ಯಸಾರ. ಓ ದ ಪರ್ಫಮ್ ಎಂದು ಕರೆಯುವ ವರ್ಗದಲ್ಲಿ ನೂರಕ್ಕೆ ಸಾಮಾನ್ಯವಾಗಿ 15ರಿಂದ 20 ಪಾಲು ಮಾತ್ರ ಸುಗಂಧದ ಸಾರ. ಉಳಿದದ್ದೆಲ್ಲ ಅದನ್ನು ಹೊತ್ತು ತರುವ ಮದ್ಯಸಾರ ಮತ್ತು ಸ್ವಲ್ಪ ನೀರು. ಅದು ಆರುವವರೆಗೆ ಮೂಗು ಹತ್ತಿರ ಒಯ್ಯಬಾರದು. ಆರಿದ ಬಳಿಕ ಒಂದು ಥಳಥಳಿಸುವ, ಹೂವೂ ಅಲ್ಲದ ಹಣ್ಣೂ ಅಲ್ಲದ ವಾಸನೆ ಏಳುತ್ತದೆ. ಆಗಷ್ಟೇ ಊದಿ ನಂದಿಸಿದ ಮೇಣದಬತ್ತಿಯದ್ದೂ ಬಿಸಿ ಇಸ್ತ್ರಿಪೆಟ್ಟಿಗೆಯಡಿಯ ಹತ್ತಿಬಟ್ಟೆಯದ್ದೂ ಸೇರಿದ ವಾಸನೆ. ಇದು ಆಲ್ಡಿಹೈಡ್‌ಗಳೆಂಬ ರಾಸಾಯನಿಕಗಳ ಕೆಲಸ. 1921ರ ಶನೆಲ್ ನಂಬರ್ 5ರಲ್ಲಿ ಅರ್ನೆಸ್ಟ್ ಬೋ ಅವನ್ನು ಧಾರಾಳವಾಗಿ ಬಳಸಿದ ಮೇಲೆ ಜಗತ್ತಿನ ದುಬಾರಿ ಸುಗಂಧಗಳಲ್ಲೂ ಸಾಬೂನುಗಳಲ್ಲೂ ಅವು ಬೇರೂರಿದವು. ಕಾಲೇಜಿಗೆ ಹೋಗುವ ನನ್ನ ಮಗಳು ಈ ಹಂತದಲ್ಲಿ ಮೂಸಿ, "ಅಪ್ಪಾ, ಇದು ಸಾಬೂನು" ಎಂದು ಬಿಟ್ಟಳು. ಅವಳ ಮೂಗು ಸರಿಯಾಗಿಯೇ ಇತ್ತು. ಈ ಹೊತ್ತಿನಲ್ಲಿ ಬೆಲೆ ಹೇಳಿದರೆ ಯಾರೂ ನಂಬುವುದಿಲ್ಲ. ನನಗೂ ನಂಬುವುದು ಕಷ್ಟವಾಗಿತ್ತು.

ಅರ್ಧ ಗಂಟೆಯ ಬಳಿಕ ಆ ಥಳಕು ಇಳಿಯುತ್ತ ಹೂಗಳು ಬರುತ್ತವೆ. ಗುಲಾಬಿ, ಮಲ್ಲಿಗೆ, ಕಣಿವೆಯ ಲಿಲ್ಲಿ ಎಂದು ಗೋಲ್ಡ್‌ನಲ್ಲಿರುವ ವಸ್ತುಗಳ ಪಟ್ಟಿಯಲ್ಲಿ ಇದೆ, ಆದರೆ ಇವು ಬಿಡಿಬಿಡಿಯಾಗಿ ಕೈಗೆ ಸಿಗುವುದಿಲ್ಲ. ಇಲ್ಲಿ ನನ್ನ ಹೆಂಡತಿಯ ಸಾಕ್ಷ್ಯಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ಅವಳ ತವರಿನ ಅಂಗಳದಲ್ಲಿ ಮಲ್ಲಿಗೆ ಬೆಳೆದು ಅಟ್ಟೆ ಲೆಕ್ಕದಲ್ಲಿ ಮಾರುತ್ತಿದ್ದರು ಮತ್ತು ಬೆಳಗ್ಗಿನ ಮೊಗ್ಗಿಗೂ ರಾತ್ರಿಯ ಹೂವಿಗೂ ಇರುವ ವ್ಯತ್ಯಾಸವನ್ನು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಅವಳು ನನ್ನ ಕೈ ಮೂಸಿ, ಮುಡಿದು ಮಲಗಿ ಬೆಳಗ್ಗೆ ತೆಗೆದ ಮಲ್ಲಿಗೆ ಇದು, ತಾಜಾ ಹೂವು ಅಲ್ಲ ಎಂದಳು. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತು ತುಸು ಪ್ರಮಾಣದಲ್ಲಿ ಇರುತ್ತದೆ. ಬೇರೆಯಾಗಿ ತೆಗೆದು ಮೂಸಿದರೆ ಅದು ನುಸಿಗುಳಿಗೆಯ, ಕೊಳೆತದ, ಮಲದ ವಾಸನೆ. ಅದನ್ನು ಪೂರ್ತಿ ತೆಗೆದರೆ ಮಲ್ಲಿಗೆ ಪ್ಲಾಸ್ಟಿಕ್ ಹೂವಾಗುತ್ತದೆ. ಅನೇಕ ಅಗ್ಗದ ಮಲ್ಲಿಗೆ ಸೆಂಟುಗಳಲ್ಲಿ ಅದು ಮೂಗಿಗೆ ಸಿಗುವುದೇ ಇಲ್ಲ, ಅವು ಬಸ್ಸಿನಲ್ಲಿ ತಲೆನೋವು ತರುವಷ್ಟು ಸಿಹಿಯಾಗಿರುತ್ತವೆ. ಗೋಲ್ಡ್‌ನ ಮಲ್ಲಿಗೆಯಲ್ಲಿ ಆ ಬಾಡುವಿಕೆ ಉಳಿದಿದೆ. ರೂಪಾಯಿಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಮೊದಲ ಉತ್ತರ ಅದು.

ನಳಿಗೆ ಖಾಲಿಯಾದ ಮೇಲೆ ಬಾಟಲಿ ತರಿಸಿದೆ. ಅದು ಬಂದದ್ದು ಬೇಸಗೆಯ ನಡುವಿನಲ್ಲಿ, ಪೇಟೆಯ ಡಾಂಬರು ಮೆತ್ತಗಾಗುವ ಹೊತ್ತಿನಲ್ಲಿ. ಆ ಬಿಸಿಲಿಗೆ ಮನೆಯಲ್ಲಿ ಹಚ್ಚಿಕೊಂಡು ಬಸ್ಸೇರಿ ಇಳಿಯುವಷ್ಟರಲ್ಲಿ ಹೂಗಳೆಲ್ಲ ಮುಗಿದಿರುತ್ತಿದ್ದವು. ಆಲ್ಡಿಹೈಡ್‌ನ ಹೊಳಪಂತೂ ಹೊರಗಿನ ಬೆವರಿನೊಂದಿಗೆ ಸೇರಿ ಹಿತ್ತಾಳೆ ಪಾತ್ರೆ ಉಜ್ಜಿದ ಕೈಯ ವಾಸನೆಗೆ ತಿರುಗುತ್ತಿತ್ತು. ಏಪ್ರಿಲ್ ತಿಂಗಳಿಗೆ ಇದು ಹೇಳಿಸಿದ್ದಲ್ಲ. ಸಾಮಾನ್ಯವಾಗಿ ಬೇಸಗೆಯಲ್ಲಿ ನಮಗೆ ಹಿಡಿಸುವುದು ಸುರಗಿ; ಒಣಗಿದ ಮೇಲೂ ವಾರಗಟ್ಟಲೆ ಪರಿಮಳ ಬಿಡದ ಆ ಹೂವಿನ ಮಾಲೆಯನ್ನು ಕಪಾಟಿನಲ್ಲಿ ಇಟ್ಟರೆ ಅಂಗಿಗಳಿಗೆ ಬೇರೆ ಸುಗಂಧದ ಅಗತ್ಯವೇ ಬೀಳದು. ಆ ಎರಡು ತಿಂಗಳು ನಾನು ಗೋಲ್ಡನ್ನು ಸಂಜೆ ಮಿಂದ ಮೇಲೆ ಮಾತ್ರ, ಅಂಗಳದಲ್ಲಿ ಕೂರುವ ಹೊತ್ತಿಗೆ ಹಚ್ಚಿಕೊಳ್ಳುತ್ತಿದ್ದೆ.

ಮಳೆ ಹಿಡಿದ ಮೇಲೆ ವಿಷಯವೇ ಬೇರೆಯಾಯಿತು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಭಾಗ ಜೂನ್ ಮತ್ತು ಜುಲೈಯಲ್ಲಿ. ಗಾಳಿ ತಂಪು, ತೇವ ಮಾತ್ರ ಬಿಡುವುದಿಲ್ಲ. ಒಗೆದ ಅಂಗಿ ಮೂರು ದಿನಕ್ಕೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಇಂಥ ಹವೆಯಲ್ಲಿ ಗೋಲ್ಡ್‌ನ ಮೊದಲ ಹಂತ ಮಂಕಾಗಿ, ಹೂಗಳು ತಡವಾಗಿ ಬಂದು, ಅವುಗಳ ಹಿಂದಿನಿಂದ ಅದುವರೆಗೆ ನನಗೆ ಸರಿಯಾಗಿ ಸಿಕ್ಕಿರದಿದ್ದ ಧೂಪ ಮುಂದೆ ಬಂತು. ನಾಲ್ಕನೆಯ ಗಂಟೆಗೆ ಬಂದದ್ದು ಮಧ್ಯಾಹ್ನದ ಊಟದವರೆಗೂ, ಊಟದ ಬಳಿಕವೂ ಕದಲದೆ ಇತ್ತು. ನಿಂಬೆಯ ಸಿಪ್ಪೆಯಂಥ ಒಂದು ಚುರುಕು, ಅದರಡಿಯಲ್ಲಿ ಕರಿಮೆಣಸಿನ ಒಣ ಖಾರ, ಕೊನೆಗೆ ತಣ್ಣನೆಯ ಕಲ್ಲಿನ ಗೋಡೆಯೊಳಗೆ ಹೊಗೆ ಕುಳಿತ ವಾಸನೆ.

ಈ ಧೂಪ ಒಮಾನಿನ ದಕ್ಷಿಣದ ದೋಫಾರ್ ಪ್ರಾಂತ್ಯದ್ದು. ಬಾಸ್ವೆಲಿಯಾ ಸಾಕ್ರಾ ಎಂಬ ಕುಳ್ಳು ಮರದ ತೊಗಟೆಯನ್ನು ಅಲ್ಲಲ್ಲಿ ಹೆರೆದು ಬಿಡುತ್ತಾರೆ. ಒಸರಿದ ಹಾಲು ಗಾಳಿಗೆ ಗಟ್ಟಿಯಾಗಿ ಹನಿಹನಿಯಾಗಿ ನಿಲ್ಲುತ್ತದೆ. ಮೊದಲ ಸಲದ್ದನ್ನು ಕೀಳೆಂದು ಬಿಟ್ಟು, ಎರಡು ವಾರಗಳ ಅಂತರದಲ್ಲಿ ಮತ್ತೆ ಹೆರೆದು ಬಂದದ್ದನ್ನು ಸಂಗ್ರಹಿಸುತ್ತಾರೆ. ನಮ್ಮ ಮುಳ್ಳೇರಿಯದ ಕಡೆಯ ರಬ್ಬರ್ ಟ್ಯಾಪಿಂಗಿನವರಿಗೆ ಈ ಕೆಲಸ ಹೊಸದೆನ್ನಿಸದು. ಆ ನಾಡಿನ ಧೂಪದ ಮರಗಳ ಕಣಿವೆಯನ್ನೂ ಅದನ್ನು ಹಡಗಿಗೆ ಏರಿಸುತ್ತಿದ್ದ ಹಳೆಯ ಬಂದರುಗಳನ್ನೂ ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನನಗೆ ಹೆಚ್ಚು ಸ್ವಾರಸ್ಯವೆನ್ನಿಸಿದ್ದು ಬೇರೊಂದು ಸಂಗತಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮನ್ನು ತೋಯಿಸುವ ನೈಋತ್ಯ ಮಾರುತವೇ ಅರಬ್ಬೀ ಸಮುದ್ರದ ಆ ಬದಿಯಲ್ಲಿ ಸಲಾಲಾ ಪಟ್ಟಣದ ಹಿಂದಿನ ಬೆಟ್ಟಗಳನ್ನೂ ಜಿನುಗುಮಳೆಯಿಂದ ಹಸುರಾಗಿಸುತ್ತದೆ. ಅದನ್ನು ನೋಡಲು ಮರುಭೂಮಿಯ ಜನ ಪ್ರವಾಸ ಹೋಗುತ್ತಾರೆ. ಆದರೆ ಅತ್ಯುತ್ತಮವೆಂದು ಹೆಸರಾದ ಹೋಜರಿ ಧೂಪ ಬರುವುದು ಬೆಟ್ಟದ ಆಚೆಯ, ಆ ಮಳೆ ದಾಟಿಬರದ ಒಣನೆಲದಿಂದ. ಮಳೆಯ ಮುಖ ಕಾಣದ ಮರದ ಹಾಲು, ನಾವಿಲ್ಲಿ ಮಳೆಯಲ್ಲಿ ಮುಳುಗಿರುವಾಗಲೇ ತನ್ನ ಪೂರ್ಣ ಸ್ವರೂಪ ತೋರಿಸಿತು ಎನ್ನುವುದು ನನ್ನ ಅನುಭವ; ಇದಕ್ಕೆ ಗಾಳಿಯ ತೇವವೂ ತಣ್ಣಗಿನ ಚರ್ಮದಿಂದ ನಿಧಾನವಾಗಿ ಆರುವಿಕೆಯೂ ಕಾರಣವೆಂದು ತೋರುತ್ತದೆ.

ಮಳೆಗಾಲದಲ್ಲಿ ನನ್ನ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಹಾಗಾಗಿ ಬೆಂಚಿನ ಮೇಲೆ ಕುಳಿತವರಿಗೆ ನನ್ನ ಸುಗಂಧ ತಪ್ಪಿಸಿಕೊಳ್ಳುವ ದಾರಿಯಿಲ್ಲ. ದುಬಾರಿ ವಸ್ತು ಹಚ್ಚಿಕೊಂಡಿದ್ದೇನೆಂದು ಒಬ್ಬರೂ ಗುರುತಿಸಲಿಲ್ಲ. ಬೇಳದ ಕಡೆಯ ಕೊಂಕಣಿ ಮಾತಿನ ಹೆಂಗಸೊಬ್ಬರು ಒಳಗೆ ಬಂದವರೇ ಸುತ್ತ ನೋಡಿ, ಇಗರ್ಜಿಯಲ್ಲಿ ಹಬ್ಬದ ದಿನ ಧೂಪ ಹಾಕಿದ ಹಾಗಿದೆ ಎಂದರು. ತಳಂಗರೆಯ ಒಬ್ಬರು ಬುಖೂರ್ ಎಂದರು. ಕೆಂಡದ ಮೇಲೆ ಮರದ ಚಕ್ಕೆ ಹಾಕಿ ಬಟ್ಟೆಗೆ ಹೊಗೆ ಹಿಡಿಸುವ ಪದ್ಧತಿ ಅವರ ಮನೆಯಲ್ಲಿದೆ. ನೀರ್ಚಾಲಿನಿಂದ ಬಂದ ಅಡಿಕೆ ಬೆಳೆಗಾರರು, "ಎಂತ, ಬೆಳಗ್ಗೆ ಗಣಹೋಮ ಉಂಟಿತ್ತಾ?" ಎಂದು ವಿಚಾರಿಸಿದರು. ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಮೂರು ಕಡೆಗೆ ಹೋದರು, ಆದರೆ ಮೂವರೂ ಹಬ್ಬಕ್ಕೆ, ಪ್ರಾರ್ಥನೆಗೆ ಸಂಬಂಧಿಸಿದ ಜಾಗಕ್ಕೇ ಹೋದರು. ಸಿರಿವಂತಿಕೆಯನ್ನು ಊರಿಗೆ ಸಾರಬೇಕೆಂದು ಈ ಬಾಟಲಿ ಕೊಳ್ಳುವವರಿಗೆ ಕಾಸರಗೋಡಿನಲ್ಲಿ ನಿರಾಶೆ ಖಚಿತ. ಇದೇ ಹಣದಲ್ಲಿ ಕೊಂಡ ಕೈಗಡಿಯಾರ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಎಲ್ಲರೂ ಮೆಚ್ಚಿದರೆಂದಲ್ಲ. ಉಬ್ಬಸದ ತೊಂದರೆಯಿದ್ದ ಒಬ್ಬರು ಕೆಮ್ಮುತ್ತಾ ಹೊರಗೆ ಜಗಲಿಯಲ್ಲೇ ಕುಳಿತು ಸಹಿ ಹಾಕಿದರು. ಅಂದಿನಿಂದ ಕಚೇರಿಗೆ ಹೋಗುವ ದಿನ ಒಂದೇ ಸಲ ಒತ್ತುತ್ತೇನೆ, ಅದೂ ಅಂಗಿಯೊಳಗೆ ಎದೆಗೆ. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗುವಾಗ ಹಚ್ಚುವುದಿಲ್ಲ. ಹಚ್ಚಿಕೊಂಡವನ ಮೂಗು ತನ್ನದೇ ಪರಿಮಳಕ್ಕೆ ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗಿ ಸುಮ್ಮನಾಗುತ್ತದೆ, ಮಾಯವಾಯಿತೆಂದು ಅವನು ಮತ್ತೆ ಒತ್ತುತ್ತಾನೆ, ಎದುರಿನವರು ಅನುಭವಿಸುತ್ತಾರೆ. ನಮ್ಮ ಬಸ್ಸುಗಳಲ್ಲಿ ಕೆಲವರ ಸೆಂಟು ಅವರಿಗಿಂತ ಮೊದಲೇ ಹತ್ತಿ ಕೂರುವುದಕ್ಕೆ ಇದೇ ಕಾರಣ.

ಸಂಜೆಯ ಹೊತ್ತಿಗೆ ಧೂಪವೂ ತೆಳುವಾಗಿ, ಚರ್ಮಕ್ಕೆ ಅಂಟಿಕೊಂಡಂತೆ ಉಳಿಯುವ ಕೊನೆಯ ಹಂತವೊಂದಿದೆ. ಇದರ ಬಗ್ಗೆಯೇ ನನಗೆ ಹೆಚ್ಚು ಹೇಳಲಿಕ್ಕಿರುವುದು. ಬಿಸಿಯಾದ, ಸ್ವಲ್ಪ ಸಿಹಿಯಾದ, ತುಪ್ಪುಳಿನ, ಮನುಷ್ಯರ ಕುತ್ತಿಗೆಯ ಹಿಂಭಾಗದ್ದೆಂದು ಹೇಳಬಹುದಾದ ವಾಸನೆ. ಸುವಾಸನೆ ಎಂದು ಹೇಳಿಬಿಡಲು ನಾಲಗೆ ತಡೆಯುತ್ತದೆ, ಹಾಗೆಂದು ಮೂಗನ್ನು ಅಲ್ಲಿಂದ ತೆಗೆಯಲೂ ಆಗುವುದಿಲ್ಲ. ಅದು ಏನೆಂದು ನನಗೆ ಬಹಳ ದಿನ ಹೊಳೆದಿರಲಿಲ್ಲ. ಹೇಳಿದವರು ದೇವಸ್ಥಾನದ ಪರಿಚಾರಿಕೆಯಲ್ಲಿ ವಯಸ್ಸು ಕಳೆದ ಒಬ್ಬ ಹಿರಿಯರು. ಸಂಜೆ ಪೇಟೆಯಿಂದ ಒಂದೇ ರಿಕ್ಷಾದಲ್ಲಿ ಬರುತ್ತಿದ್ದಾಗ ನನ್ನ ಕಡೆ ತಿರುಗಿ, "ಪುನುಗು ಎಲ್ಲಿಂದ ಸಿಕ್ಕಿತು? ಈಗ ಸಿಗುವುದಿಲ್ಲವಲ್ಲ!" ಎಂದರು. ತಿರುಪತಿಯಲ್ಲಿ ಶುಕ್ರವಾರದ ಅಭಿಷೇಕದ ಬಳಿಕ ವೆಂಕಟೇಶ್ವರನ ಮೂರ್ತಿಗೆ ಪುನುಗಿನ ತೈಲ ಲೇಪಿಸುವ ಕ್ರಮವಿದೆ. ಅದರ ವಾಸನೆ ಬಲ್ಲವರು ಅವರು. ಮನೆಗೆ ಬಂದು ಪಟ್ಟಿ ನೋಡಿದರೆ ಕೊನೆಯ ಹಂತದ ವಸ್ತುಗಳಲ್ಲಿ ಕಸ್ತೂರಿ, ಅಂಬರ, ದೇವದಾರು, ಗಂಧ ಇವುಗಳ ಜೊತೆ ಪುನುಗೂ ಇತ್ತು.

ಪುನುಗು ಬೆಕ್ಕು ನಮ್ಮ ಗುಡ್ಡಗಳಲ್ಲಿ ಈಗಲೂ ಇದೆ. ಅದರ ಬಾಲದ ಬುಡದ ಗ್ರಂಥಿಯಿಂದ ಬರುವ ಬೆಣ್ಣೆಯಂಥ ಮಡ್ಡಿಯೇ ಪುನುಗು. ಹಸಿಯಾಗಿ ಮೂಸಿದರೆ ಹೇಸಿಗೆ, ಸಾವಿರ ಪಾಲಿನಲ್ಲಿ ಕರಗಿಸಿದರೆ ಉಳಿದೆಲ್ಲ ಹೂವುಗಳಿಗೂ ಜೀವ ತುಂಬುತ್ತದೆ. ಪ್ರಾಣಿಯನ್ನು ಪಂಜರದಲ್ಲಿಟ್ಟು ಹಿಂಸಿಸಿ ತೆಗೆಯುವ ಆ ವಸ್ತುವನ್ನು ಇಂದಿನ ಸುಗಂಧೋದ್ಯಮ ಬಹುತೇಕ ಕೈಬಿಟ್ಟು ಪ್ರಯೋಗಾಲಯದ ಬದಲಿಗಳಿಗೆ ಹೊರಳಿದೆ. ಅದರ ಮುಖ್ಯ ಅಣುವಾದ ಸಿವೆಟೋನ್ ಹದಿನೇಳು ಇಂಗಾಲಗಳ ಒಂದು ದೊಡ್ಡ ಉಂಗುರ ಎಂದು 1926ರಲ್ಲಿ ತೋರಿಸಿಕೊಟ್ಟವರು ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ರುಜಿಚ್ಕ. ಅಷ್ಟು ದೊಡ್ಡ ಉಂಗುರ ಗಟ್ಟಿಯಾಗಿ ನಿಲ್ಲಲಾರದೆಂಬ ಅಂದಿನ ನಂಬಿಕೆ ಅಲ್ಲಿಗೆ ಮುರಿಯಿತು. ಅವರಿಗೆ 1939ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇಂಥ ದೊಡ್ಡ ಅಣುಗಳು ಭಾರ, ಬೇಗ ಹಾರುವುದಿಲ್ಲ. ಬೆಳಗ್ಗೆ ಹಚ್ಚಿದ ಸುಗಂಧದಲ್ಲಿ ರಾತ್ರಿ ಉಳಿಯುವುದು ಅವೇ.

ವಿಚಿತ್ರವೆಂದರೆ, ಮಲ್ಲಿಗೆಯ ಬಾಡುವಿಕೆಯನ್ನು ಒಂದೇ ಸಲಕ್ಕೆ ಹಿಡಿದ ನನ್ನ ಹೆಂಡತಿಗೆ ಈ ಕೊನೆಯ ಹಂತ ಗೊತ್ತೇ ಆಗುವುದಿಲ್ಲ. ಕೈ ಮೂಗಿಗೆ ಹಿಡಿದರೆ, ಏನೂ ಇಲ್ಲ, ಎಲ್ಲ ಹೋಯಿತು ಎನ್ನುತ್ತಾಳೆ. ಅದೇ ಕೈ ಮಗಳಿಗೆ ಹಿಡಿದರೆ ಅವಳು ಮುಖ ಸಿಂಡರಿಸಿ, ಮತ್ತೆ ಹತ್ತಿರ ಬಂದು ಮೂಸುತ್ತಾಳೆ. ಇದು ಹಟವೋ ಅಭ್ಯಾಸವೋ ಅಲ್ಲ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು. ಅವುಗಳ ಜೀನುಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು, ಆ ಕೆಲಸಕ್ಕೆ 2004ರಲ್ಲಿ ನೊಬೆಲ್ ಪಡೆದರು. ಈ ಜೀನುಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವಿರುತ್ತದೆ, ಕಸ್ತೂರಿ ಜಾತಿಯ ಕೆಲವು ಅಣುಗಳು ಕೆಲವರಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಇದರ ಪರಿಣಾಮ ಏನೆಂದರೆ, ಬಾಟಲಿಯ ಬೆಲೆಯ ದೊಡ್ಡ ಪಾಲು ಯಾವ ಹಂತಕ್ಕೆ ಸಲ್ಲುತ್ತದೆಂದು ನಾನು ನಂಬಿದ್ದೇನೋ, ಆ ಹಂತ ಹೆಂಡತಿಯ ಪಾಲಿಗೆ ಇಲ್ಲವೇ ಇಲ್ಲ. ಖರ್ಚಿನ ವಿಷಯದಲ್ಲಿ ಅವಳನ್ನು ಒಪ್ಪಿಸುವ ಯಾವ ದಾರಿಯೂ ನನಗೆ ಉಳಿದಿಲ್ಲ.

ಅತ್ತರಿನ ವ್ಯಾಪಾರಿಯೊಬ್ಬರ ಅಭಿಪ್ರಾಯ ಕೇಳಬೇಕೆನ್ನಿಸಿ ಒಂದು ಮಳೆಯ ಮಧ್ಯಾಹ್ನ ಪೇಟೆಯ ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ. ಬೆಳಗ್ಗೆ ಹಚ್ಚಿದ್ದ ನನ್ನ ಮಣಿಕಟ್ಟನ್ನು ಅವರು ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದು, ಆಮೇಲೆ ಹತ್ತಿರ ತಂದು, ಉಸಿರು ಹೊರಗೆ ಬಿಟ್ಟು ಪುನಃ ಎಳೆದುಕೊಂಡರು. "ಇದರಲ್ಲಿ ಗುಲಾಬಿ ಉಂಟು, ಆದರೆ ತಾನು ಗುಲಾಬಿ ಅಂತ ಹೇಳಿಕೊಳ್ಳುವುದಿಲ್ಲ" ಎಂದರು. ನಾನು ಓದಿದ ಯಾವ ವರ್ಣನೆಯೂ ಈ ಮಾತಿನಷ್ಟು ಸರಿಯಾಗಿರಲಿಲ್ಲ. ಬೆಲೆ ಹೇಳಿದಾಗ ಅವರು ಬೆಚ್ಚಲಿಲ್ಲ. ಒಳ್ಳೆಯ ಊದಿನ ಎಣ್ಣೆಗೆ ಒಂದು ತೊಲಕ್ಕೆ, ಅಂದರೆ ಅವರ ಅಳತೆಯಲ್ಲಿ ಸುಮಾರು 12 ಮಿಲಿಲೀಟರಿಗೆ, ಇದಕ್ಕಿಂತ ಹೆಚ್ಚು ಕೊಡುವವರಿದ್ದಾರೆ ಎಂದರು. ಊದ್ ಎಂದರೆ ಅಗರು ಮರ; ಆರೋಗ್ಯವಾಗಿರುವ ಮರಕ್ಕೆ ಪರಿಮಳವಿಲ್ಲ, ಬೂಷ್ಟು ಹಿಡಿದು ಗಾಯಗೊಂಡ ಮರ ಅದರ ವಿರುದ್ಧ ಸ್ರವಿಸುವ ಕಪ್ಪು ರಾಳಕ್ಕೆ ಆ ಬೆಲೆ. ಅವರ ದೂರು ಇದ್ದದ್ದು ಮದ್ಯಸಾರದ ಬಗ್ಗೆ. ನಮಾಜಿಗೆ ಹೋಗುವ ಹಲವರು ಅದಿರುವ ಸುಗಂಧ ಹಚ್ಚುವುದಿಲ್ಲ, ಅದೂ ಅಲ್ಲದೆ ಚಿಮ್ಮಿಸಿದ್ದರಲ್ಲಿ ಅರ್ಧ ಗಾಳಿಗೆ ಹೋಗುತ್ತದೆ, ಅತ್ತರಾದರೆ ಕಡ್ಡಿಯ ತುದಿಯಲ್ಲಿ ತೆಗೆದು ಕಿವಿಯ ಹಿಂದೆ ಒಂದು ಗೀರು ಎಳೆದರೆ ಸಾಕು ಎಂಬುದು ಅವರ ವಾದ.

ಅವರು ತೋರಿಸಿದ್ದರಲ್ಲಿ ಉತ್ತರ ಪ್ರದೇಶದ ಕನೌಜಿನ ಮಣ್ಣಿನ ಅತ್ತರು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಒಣಗಿದ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಗಂಧದೆಣ್ಣೆಯೊಳಗೆ ಇಳಿಸಿ ಮಾಡುವ ಅತ್ತರದು. ಹೊರಗೆ ಮಳೆ ಸುರಿಯುತ್ತಿರುವಾಗ ಮೊದಲ ಮಳೆಯ ವಾಸನೆಯನ್ನು ಸೀಸೆಯಿಂದ ಮೂಸುವುದರಲ್ಲಿ ಏನೋ ದುಂದು ಇದೆ ಅನ್ನಿಸಿ ನಗು ಬಂತು. ಆದರೆ ಅದು ಹಚ್ಚಿದ ಹೊತ್ತಿನಲ್ಲಿ ಹೇಗಿತ್ತೋ ರಾತ್ರಿಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು, ಕ್ರಮೇಣ ಕ್ಷೀಣಿಸಿತೇ ಹೊರತು ಬೇರೆಯಾಗಲಿಲ್ಲ. ಗೋಲ್ಡ್‌ಗೂ ಅದಕ್ಕೂ ಇರುವ ನಿಜವಾದ ಅಂತರ ನನಗೆ ತಿಳಿದದ್ದು ಆ ರಾತ್ರಿ. ಅತ್ತರು ಒಂದು ವಸ್ತುವನ್ನು ಅದರ ಅತ್ಯುತ್ತಮ ಸ್ಥಿತಿಯಲ್ಲಿ ತಂದು ಕೈಗೆ ಕೊಡುತ್ತದೆ. ಗೋಲ್ಡ್‌ನಂಥ ರಚನೆಯಲ್ಲಿ, ಬೆಳಗ್ಗೆ ಏಳು ಗಂಟೆಗೆ ಸಾಬೂನಾಗಿರುವುದು ಒಂಬತ್ತಕ್ಕೆ ಹೂವಾಗಿ, ಹನ್ನೆರಡಕ್ಕೆ ಧೂಪವಾಗಿ, ಸಂಜೆ ಪ್ರಾಣಿಯಾಗಬೇಕು ಮತ್ತು ಆ ಬದಲಾವಣೆಗಳ ನಡುವೆ ಎಲ್ಲಿಯೂ ಹೊಲಿಗೆ ಕಾಣಬಾರದು ಎಂದು ಒಬ್ಬ ಮನುಷ್ಯ ಕುಳಿತು ಲೆಕ್ಕ ಹಾಕಿದ್ದಾನೆ. ಸಾವಿರ ರೂಪಾಯಿಯ ಸೆಂಟುಗಳೂ ನನ್ನಲ್ಲಿವೆ. ಅವುಗಳಲ್ಲಿ ಮೊದಲ ಹತ್ತು ನಿಮಿಷ ಇದಕ್ಕಿಂತ ಚೆನ್ನಾಗಿರುವಂಥವೂ ಇವೆ. ಅಂಗಡಿಯಲ್ಲಿ ನಿಂತು ಕೊಳ್ಳುವವರು ಆ ಹತ್ತು ನಿಮಿಷವನ್ನೇ ಕೊಳ್ಳುವುದರಿಂದ ತಯಾರಕರೂ ಹಣವನ್ನು ಅಲ್ಲಿಗೇ ಸುರಿಯುತ್ತಾರೆ, ಮಧ್ಯಾಹ್ನಕ್ಕೆ ಉಳಿಯುವುದು ಸಕ್ಕರೆಪಾಕದಂಥ ಯಾವುದೋ ಅಂಟು ಮಾತ್ರ.

ಬಟ್ಟೆಯ ಬಗ್ಗೆ ಎರಡು ಮಾತು. ಹತ್ತಿಯ ಮುಂಡಿನ ಮೇಲೆ ಇದು ಒಗೆದರೂ ಪೂರ್ತಿ ಹೋಗುವುದಿಲ್ಲ, ಬಿಳಿ ಬಟ್ಟೆಯಲ್ಲಿ ತೆಳು ಹಳದಿ ಕಲೆಯೂ ನಿಲ್ಲುತ್ತದೆ. ಮುಗ್ಗಲು ಹಿಡಿದ ಅಂಗಿಯ ಮೇಲಂತೂ ಸರ್ವಥಾ ಸಿಂಪಡಿಸಬಾರದು; ಎರಡೂ ಸೇರಿ ಮುಚ್ಚಿದ ಉಗ್ರಾಣದ ವಾಸನೆ ಹುಟ್ಟುತ್ತದೆ. ಬಾಟಲಿಯನ್ನು ಅದರ ಪೆಟ್ಟಿಗೆಯೊಳಗೇ ಇಟ್ಟು ಕಬ್ಬಿಣದ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ, ಬೆಳಕು ಮತ್ತು ಸೆಕೆ ಎರಡೂ ಇದಕ್ಕೆ ಶತ್ರು. ಒಂದು ಒತ್ತಿಗೆ ಸುಮಾರು 0.1 ಮಿಲಿಲೀಟರ್ ಹೊರಬರುತ್ತದೆ. ಆ ಲೆಕ್ಕಕ್ಕೆ ಒಂದು ಬಾಟಲಿಯಲ್ಲಿ ಸಾವಿರದಷ್ಟು ಒತ್ತುಗಳು, ಒತ್ತಿಗೆ 30 ರೂಪಾಯಿ. ಪೇಟೆಯ ಹೋಟೆಲಿನಲ್ಲಿ ಎರಡು ಚಹಾ ಕುಡಿದಂತಾಯಿತು ಎಂದು ಹೆಂಡತಿಗೆ ವಿವರಿಸಿದ್ದೇನೆ. ಚಹಾ ಆದರೆ ಬಂದವರಿಗೂ ಕೊಡಬಹುದಿತ್ತು ಎಂದಳು.

ಅಕ್ಕನ ಮಗ ಮುಂದಿನ ರಜೆಗೆ ಬರುವಾಗ ಏನು ತರಲಿ ಎಂದು ಕೇಳಿದ್ದಾನೆ, ಅದೇ ಸಂಸ್ಥೆಯ ಬೇರೆ ಸುಗಂಧಗಳ ಹೆಸರುಗಳನ್ನೂ ಬರೆದು ಕಳುಹಿಸಿದ್ದಾನೆ. ಈ ಬಾಟಲಿಯೇ ಇನ್ನೂ ಹಲವು ವರ್ಷಗಳಿಗೆ ಸಾಕು. ಸಲಾಲಾದಲ್ಲಿ ಕೆಲಸ ಮಾಡುವ ಅವನ ಗೆಳೆಯನ ಮೂಲಕ ಕಾಲು ಕಿಲೋ ಹೋಜರಿ ಧೂಪ ತರಿಸಲು ಹೇಳಿದ್ದೇನೆ, ಮಸುಕು ಹಸಿರು ಬಣ್ಣದ್ದೇ ಆಗಬೇಕು, ಪುಡಿಯಾಗಿರಬಾರದು ಎಂದೂ ಬರೆದಿದ್ದೇನೆ. ಅದರಲ್ಲಿ ಒಂದು ಹಿಡಿ ಬೇಳದ ಆ ಹೆಂಗಸಿಗೆ, ಅವರ ದಸ್ತಾವೇಜಿನ ಪ್ರತಿ ಕೊಡುವ ದಿನ ಕೊಡುವುದಾಗಿ ಮಾತಾಗಿದೆ. ಉಳಿದದ್ದನ್ನು ಕೆಂಡದ ಮೇಲೆ ಹಾಕಿ, ನಾಲ್ಕನೆಯ ಗಂಟೆಗೆ ನನ್ನ ಕೈಯಲ್ಲಿ ಬರುವುದು ಅದೇ ಹೌದೋ ಎಂದು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಾಗಿದೆ.